ಸ್ಥಿತಿವಂತರ ಮಗಳು

ಆ ಮನುಷ್ಯ ಸತ್ತು ಎಷ್ಟೋ ವರ್ಷಗಳಾದವು. ನನ್ನ ಹೊಟ್ಟೆಯ ಉರಿ ಮಾತ್ರ ಇನ್ನೂ ಆರಿಲ್ಲ, ಆರಲಿ ಎಂದು ನಾನು ಬಯಸಿಯೂ ಇಲ್ಲ.

ತಿರುವಾಂಕೂರಿನ ಕಡೆಯಿಂದ ಜನ ಗುಂಪುಗುಂಪಾಗಿ ಬಂದು ಗಡಿನಾಡಿನ ನಮ್ಮ ಪುಲ್ಪಳ್ಳಿಯ ಸುತ್ತ ಕಾಡು ಕಡಿದು ಮೆಣಸು ಹಾಕುತ್ತಿದ್ದ ಕಾಲ. ಆ ಮನುಷ್ಯ ಅವರಲ್ಲೊಬ್ಬ, ನಮ್ಮ ನೆರೆಯವನಾದ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬಳ್ಳಿ ನೆಡಲು ಅಪ್ಪನನ್ನು ಕೇಳಿದ, ಫಸಲಿನಲ್ಲಿ ಅರ್ಧ ಕೊಡುತ್ತೇನೆಂದ. ಎಲ್ಲ ಬಾಯಿಮಾತಿನಲ್ಲೇ ಆಯಿತು. ಮೊದಲ ಕೊಯ್ಲಿಗೆ ಎರಡು ಕುಕ್ಕೆ ಮೆಣಸು ತಂದಿಟ್ಟ, ಆಮೇಲೆ ಅದೂ ನಿಂತಿತು. ಕೊನೆಗೆ ಅಪ್ಪ ಅದೇ ತೋಟಕ್ಕೆ ಕೂಲಿಗೆ ಹೋಗತೊಡಗಿದರು.

ಆಗ ನನಗೆ ಗಡಿಯಾಚೆಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಶುಲ್ಕ ಕಟ್ಟುವ ಶಕ್ತಿ ನಮಗಿರಲಿಲ್ಲ. ಬಡವರೆಂದು ಊರಿನ ಅಧಿಕಾರಿ ಬರೆದುಕೊಟ್ಟರೆ ಶುಲ್ಕ, ಹಾಸ್ಟೆಲು ಎರಡೂ ಮಾಫಿ. ಇಲ್ಲವಾದರೆ ಸೀಟು ಬೇರೆಯವರ ಪಾಲು.

ಅಧಿಕಾರಿ ಕಣ್ಣಾರೆ ನೋಡಲು ಬಂದ. ಸಾಕ್ಷಿಗೆ ನೆರೆಯವನನ್ನೇ ಕರೆದ. ಗುಡ್ಡದ ಮೇಲೊಂದು ಕಲ್ಲಿದೆ, ವರ್ಷದ ಮೊದಲ ರಾಗಿಯನ್ನು ನಾವು ಅದರ ಮುಂದಿಡುತ್ತೇವೆ. ಅಲ್ಲಿ ನಿಂತು ನೆಲವನ್ನು ನಮ್ಮದಲ್ಲ ಎಂದವನಿಗೆ ಆ ನೆಲ ಮತ್ತೆ ದಕ್ಕುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಅಧಿಕಾರಿ ಅಲ್ಲೇ ನಿಂತು ಕೇಳಬೇಕೆ?

"ಈ ಗುಡ್ಡ ಯಾರ್ದು?"

"ನಮ್ದೇ," ಎಂದರು ಅಪ್ಪ.

"ಈ ಮೆಣಸು?"

"ನಮ್ ನೆಲದಾಗೆ ಬೆಳ್ದದ್ದು ನಮ್ದಲ್ದೆ ಇನ್ಯಾರ್ದು?"

ನಾನು ಅಪ್ಪನ ತೋಳು ಜಗ್ಗಿದೆ. "ಇವತ್ತೊಂದಿನ ಇಲ್ಲ ಅನ್ನಪ್ಪ."

"ಕಲ್ಲು ಕೇಳಿಸ್ಕತದೆ, ಸುಮ್ಕಿರು ಕೂಸೆ."

ನೆರೆಯವನ ಕಡೆ ತಿರುಗಿ ಅವನ ಭಾಷೆಯಲ್ಲೇ ಅಣ್ಣಾ ಎಂದು ಕರೆದೆ. "ಚೇಟಾ, ನೀವಾದ್ರೂ ನಿಜ ಹೇಳಿ. ಮೆಣಸು ಕೊಯ್ಯೋದು ನೀವಲ್ವಾ?"

ಅವನು ಹೌದೆಂದಿದ್ದರೆ ಅಧಿಕಾರಿ ಜಾಗದ ಕಾಗದ ತೋರಿಸು ಎನ್ನುತ್ತಿದ್ದ, ಅವನ ಹತ್ತಿರ ಕಾಗದ ಎಲ್ಲಿತ್ತು? ನೆರೆಯವನು ಮೀಸೆಯ ಮೇಲೆ ಕೈಯಾಡಿಸಿ ನಕ್ಕ. "ನಾನು ಬರೀ ಪಣಿಕಾರ, ಮೋಳೆ. ಕೂಲಿ ಆಳು ಮಗಳೇ. ಎಲ್ಲ ನಿನ್ನಪ್ಪಂದೇ."

ಗುಡ್ಡ ಪೂರ್ತಿ ಈ ಕುಟುಂಬದ್ದು, ನೆರೆಯವನು ಅಲ್ಲಿ ಕೂಲಿಯವನು, ಇವರು ಸ್ಥಿತಿವಂತರು ಎಂದು ಅಧಿಕಾರಿ ಬರೆದ. ಕೆಳಗೆ ನೆರೆಯವನು ಸಹಿ ಹಾಕಿದ. ವಿಶ್ವವಿದ್ಯಾಲಯ ಆ ಕಾಗದವನ್ನು ಹಿಂದಕ್ಕೆ ಕಳಿಸಿತು, ಸ್ಥಿತಿವಂತರಿಗೆ ವಿನಾಯಿತಿ ಇಲ್ಲವೆಂಬ ಒಂದು ಸಾಲಿನ ಜೊತೆಗೆ.

ಆ ವರ್ಷ ನಾನೂ ಅವನ ತೋಟಕ್ಕೆ ಕೊಯ್ಲಿಗೆ ಹೋದೆ. ನಾನು ಏಣಿಯ ಮೇಲಿದ್ದರೆ ಅವನು ಕೆಳಗೆ ನಿಂತು, "ಏನು ಎಂಎಸ್ಸಿ, ಕೈ ಬೇಗ ಬೇಗ ಆಡ್ಲಿ," ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಕೊಯ್ದೆ. ಆ ಕಾಗದವನ್ನು ಮಾತ್ರ ತಗಡಿನ ಪೆಟ್ಟಿಗೆಯಲ್ಲಿಟ್ಟು ಕಾಯ್ದೆ.

ಇಪ್ಪತ್ತೈದು ವರ್ಷಗಳ ಮೇಲೆ ನೆಲ ಅಳೆದು ಪಟ್ಟೆ ಕೊಡುವವರು ಬಂದರು. ಅಪ್ಪ ಆಗ ಇರಲಿಲ್ಲ. ಗುಡ್ಡ ತನ್ನ ಸ್ವಾಧೀನದಲ್ಲಿದೆ ಎಂದು ನೆರೆಯವನು ಎದೆ ಸೆಟೆಸಿ ಹೇಳಿದ. ನಾನು ಪೆಟ್ಟಿಗೆ ತೆರೆದು ಕಾಗದವನ್ನು ಮೇಜಿನ ಮೇಲಿಟ್ಟೆ.

ಸಾಹೇಬರು ಓದಿ, "ಈ ಒಪ್ಪು ನಿಮ್ಮದೇ ಏನು?" ಎಂದು ಸಹಿ ತೋರಿಸಿದರು.

ಅವನ ಮುಖ ಬಿಳಚಿಕೊಂಡಿತು. "ಅದು... ಆ ದಿವಸ ತಮಾಷೆಗೆ..."

"ಬೇಗ ಬೇಗ ಹೇಳಿ ಚೇಟಾ," ಎಂದೆ.

ಕೂಲಿಯವನೆಂದು ತಾನೇ ಒಪ್ಪಿ ಸಹಿ ಹಾಕಿದವನಿಗೆ ಸ್ವಾಧೀನ ಎಲ್ಲಿಯದು? ಗುಡ್ಡ ನನ್ನ ಹೆಸರಿಗೆ ಬಂತು. ಆ ವರ್ಷದ ಫಸಲನ್ನಾದರೂ ಬಿಟ್ಟುಕೊಡು ಎಂದು ಅವನು ಅಂಗಳಕ್ಕೆ ಬಂದು ನಿಂತಾಗ, ಪಣಿಕಾರನಾಗಿ ಬರುವುದಾದರೆ ಬನ್ನಿ ಎಂದೆ. ಬಂದ. ಅವನು ಏಣಿ ಹತ್ತಿದಾಗ ನಾನು ಕೆಳಗೆ ನಿಂತೆ. ಪಾಪ ಎನಿಸಲಿಲ್ಲವೇನಮ್ಮ ಎಂದು ಮಗಳು ಈಗಲೂ ಕೇಳುತ್ತಾಳೆ. ಇಲ್ಲ, ಖುಷಿಯಾಯಿತು.

ಅವನು ನೆಟ್ಟ ಬಳ್ಳಿಗಳ ಆ ಕೊಯ್ಲಿನಲ್ಲೇ ಅದೇ ವಿಶ್ವವಿದ್ಯಾಲಯಕ್ಕೆ ಮಗಳ ಶುಲ್ಕ ಕಟ್ಟಿದೆ. ಅರ್ಜಿಯಲ್ಲಿ ವಿನಾಯಿತಿ ಬೇಕೇ ಎಂದು ಕೇಳಿದ್ದ ಕಡೆ ಪೆನ್ನನ್ನು ಒತ್ತಿ ಹಿಡಿದು ನಾನೇ ಬರೆದೆ: ಬೇಡ, ನಾವು ಸ್ಥಿತಿವಂತರು.