ಕೇಳೋದಿದ್ರೆ ಈಗ್ಲೇ ಕೇಳಿ

ವೇಮಗಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಫ್ಯಾಕ್ಟರಿಗೆ ಹೋಗುತ್ತಿದ್ದರು. ಸಂಬಳ ಬಂದ ಸಂಜೆ ಮನೆಯವರನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಸೆರಗು ಸಿಕ್ಕಿಸಿಕೊಂಡು ತಿಂಗಳ ಖರ್ಚಿನ ಲೆಕ್ಕ ಹಾಕುತ್ತಿದ್ದರು.

“ಕೇಳೋದಿದ್ರೆ ಈಗ್ಲೇ ಕೇಳಿ. ತಿಂಗಳ ಮಧ್ಯ ನಾನು ಕಿವುಡಿ.”

ಅವರ ಅತ್ತೆ ಮಾತ್ರ ಪ್ರತಿಸಲವೂ “ನಂಗೇನೂ ಬೇಡಮ್ಮ” ಎನ್ನುತ್ತಿದ್ದರು. ಒಮ್ಮೆ ಅಕ್ಕ ಬಿಡಲಿಲ್ಲ.

“ನೀವು ಹೇಳೋವರ್ಗೂ ಯಾರೂ ಏಳಂಗಿಲ್ಲ, ಅತ್ತೆ.”

ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದರು: “ಹಲ್ಲು ಕಟ್ಟಿಸ್ಕೋಬೇಕು ಅಂತ ಆಸೆ ಕಣಮ್ಮ. ಮುದ್ದೆ ಹೆಂಗೋ ನುಂಗ್ತೀನಿ, ಬೇರೇನೂ ಅಗಿಯಕ್ಕಾಗಲ್ಲ.”

“ಹಂಗಾದ್ರೆ ಹೊಸ ಟಿವಿ?” ಎಂದರು ಅಕ್ಕನ ಗಂಡ.

“ಹಳೇದ್ರಲ್ಲೂ ಬೊಂಬೆ ಕಾಣ್ಸುತ್ತೆ. ಹಲ್ಲು ಮೊದ್ಲು” ಎಂದು ಅಕ್ಕ ಎದ್ದೇಬಿಟ್ಟರು.

ಆ ಚಳಿಗಾಲದಲ್ಲಿ ಅತ್ತೆ ಜಗಲಿಯಲ್ಲಿ ಕೂತು ಕರಿದ ಅವರೆಬೇಳೆ ಅಗಿಯುವ ಕರುಕುರು ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.