ಸೋದರತ್ತೆಯ ಪಾಲಿನ ಸಕ್ಕರೆ

ನಮ್ಮವ್ವನಷ್ಟು ಕಡಿಮೆ ಖರ್ಚಿನಲ್ಲಿ ಮನೆ ನಡೆಸುವ ಹೆಂಗಸು ಅಂಧೇರಿಯ ನಮ್ಮ ಚಾಳಿನಲ್ಲಿ ಇನ್ನೊಬ್ಬಳಿರಲಿಲ್ಲ. ಚಾಳಿನವರೇ ಹಾಗೆ ಹೇಳುತ್ತಿದ್ದರು. ಸಂಜೆ ತರಕಾರಿ ಗಾಡಿಯವರು ಮನೆಗೆ ಹೊರಡುವ ಹೊತ್ತಿಗೆ ಹೋದರೆ ಬಾಡಿದ ಮೆಂತ್ಯ ಅರ್ಧ ಬೆಲೆಗೆ ಸಿಗುತ್ತದೆ, ಮೂಲಂಗಿಯ ಸೊಪ್ಪನ್ನು ಕೇಳಿದರೆ ಬಿಟ್ಟಿ ಕೊಡುತ್ತಾರೆ, ಸೋಸಿದ ಚಹಾಪುಡಿಯನ್ನು ಒಣಗಿಸಿ ಇನ್ನೊಮ್ಮೆ ಕುದಿಸಬಹುದು. ಇಂಥವನ್ನೆಲ್ಲ ನೆರೆಯ ಮರಾಠಿ ಹೆಂಗಸರು ಅವಳನ್ನು ಕೇಳಿ ಕಲಿಯುತ್ತಿದ್ದರು. ಅಪ್ಪ ಬಾಂದ್ರಾದ ಒಂದು ಆಫೀಸಿನಲ್ಲಿ ಗುಮಾಸ್ತ. ಸಂಬಳ ತಂದು ಅವ್ವನ ಕೈಗಿಟ್ಟ ಮೇಲೆ ಮನೆಯ ಯಾವ ವಿಷಯಕ್ಕೂ ಅವನು ಬಾಯಿ ಹಾಕುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು ವರ್ಷ. ಅಪ್ಪನ ಅಕ್ಕ, ನನ್ನ ಸೋದರತ್ತೆ, ವಿಜಾಪುರದ ಕಡೆಯಿಂದ ಒಂದು ತಗಡಿನ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಮೈದುನಂದಿರು ಇಟ್ಟುಕೊಳ್ಳಲಿಲ್ಲ. ಒಂದೇ ಖೋಲಿಯ ಮನೆಗೆ ಇನ್ನೊಂದು ಹೊಟ್ಟೆ ಬಂತಲ್ಲ, ಅವ್ವ ಈಗ ಸಿಡಿಯುತ್ತಾಳೆ ಎಂದು ನಾನು ಕಾದೆ. ಅವ್ವ ನಗುತ್ತಲೇ ನೀರು ಕೊಟ್ಟಳು. ಮರುದಿನ ಅತ್ತೆಯನ್ನು ಕರೆದುಕೊಂಡು ಹೋಗಿ ನಮ್ಮ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಸೇರಿಸುವ ಅರ್ಜಿ ಕೊಟ್ಟು ಬಂದಳು.

ಆಗ ಎಲ್ಲದಕ್ಕೂ ಕಂಟ್ರೋಲು. ಕಾರ್ಡಿನಲ್ಲಿ ಒಂದು ಹೆಸರು ಹೆಚ್ಚಾದರೆ ಅಕ್ಕಿ, ಗೋಧಿ, ಸಕ್ಕರೆ ಎಲ್ಲದರಲ್ಲೂ ಒಬ್ಬರ ಪಾಲು ಹೆಚ್ಚು ಸಿಗುತ್ತಿತ್ತು. ಹೊರಗಿನ ಅಂಗಡಿಯಲ್ಲಿ ಬೆಲೆ ಕೇಳಿದರೆ ಸಕ್ಕರೆಯನ್ನು ಮುಟ್ಟುವಂತಿರಲಿಲ್ಲ. ಹೆಸರು ಸೇರಿದ ವಾರವೇ ಅವ್ವ ಅತ್ತೆಯ ಪಾಲಿನ ಸಕ್ಕರೆಯನ್ನು ಬೇರೆ ಡಬ್ಬಿಗೆ ಹಾಕಿ, ಕೆಳಗಿನ ಖೋಲಿಯವರಿಗೆ ಒಳ್ಳೆಯ ಬೆಲೆಗೆ ಮಾರಿದಳು.

“ಅಕ್ಕಾರ, ನಿಮ್ಮ ವಯಸ್ಸಿಗೆ ಸಕ್ರಿ ಚಲೋ ಅಲ್ಲ,” ಎಂದು ಅತ್ತೆಗೆ ಸಪ್ಪೆ ಚಹಾ ಕೊಟ್ಟಳು. ಅತ್ತೆಗೆ ಆಗ ಐವತ್ತು ದಾಟಿರಲಿಲ್ಲ.

“ಆತು ಬಿಡವಾ, ಬಿಸಿ ಇದ್ದರ ಸಾಕು,” ಎಂದಳು ಅತ್ತೆ.

ನಮಗೆ ಗೋಧಿಯ ಚಪಾತಿ. ಅತ್ತೆಗೆ ರೇಷನ್ನಿನ ಕೆಂಪು ಜೋಳದ ರೊಟ್ಟಿ. ಹಡಗಿನಲ್ಲಿ ಬರುತ್ತಿದ್ದ ಆ ಜೋಳಕ್ಕೆ ಒಂದು ಬೂಸಲು ವಾಸನೆ. ವಿಜಾಪುರದ ಬಿಳಿಜೋಳ ತಿಂದು ಬೆಳೆದವಳು ಅದನ್ನು ನೀರಿನಲ್ಲಿ ಅದ್ದಿ ನುಂಗುತ್ತಿದ್ದಳು. ಬೆಳಗಿನ ಜಾವ ಹಾಲಿನ ಕೇಂದ್ರದ ಕ್ಯೂ, ಹತ್ತು ಗಂಟೆಗೆ ರೇಷನ್ನಿನ ಕ್ಯೂ, ಮಧ್ಯಾಹ್ನ ಸೀಮೆಎಣ್ಣೆಯ ಕ್ಯೂ. ಎಲ್ಲದರಲ್ಲೂ ಅವಳೇ ನಿಲ್ಲಬೇಕು. ಒಮ್ಮೆ ಕಾಲು ಊದಿ ಚಪ್ಪಲಿ ಹಿಡಿಯದಾದಾಗ, “ಬರಿಗಾಲಿಲೆ ಹೋಗ್ರಿ, ಚಪ್ಪಲಿನೂ ಸವೆಯೂದಿಲ್ಲ,” ಎಂದಳು ಅವ್ವ. ಅದು ಚೇಷ್ಟೆಯೆಂದು ತಿಳಿದು ನಾನು ನಕ್ಕೆ. ಅತ್ತೆ ಬರಿಗಾಲಲ್ಲೇ ಹೋದಳು.

ಸಂಜೆಯ ತರಕಾರಿಗೆ ಅವ್ವ ಅತ್ತೆಯ ಜೊತೆ ನನ್ನನ್ನು ಕಳಿಸುತ್ತಿದ್ದಳು. ಚೌಕಾಸಿಯಲ್ಲಿ ಎಷ್ಟು ಉಳಿಯಿತು ಎಂದು ಬಂದು ಹೇಳುವುದು ನನ್ನ ಕೆಲಸ. ಅತ್ತೆಗೆ ಹಿಂದಿ, ಮರಾಠಿ ಎರಡೂ ಬಾರದು. ಬೆರಳು ತೋರಿಸಿ, ತಲೆಯಾಡಿಸಿ, ಎದ್ದು ಹೋಗುವಂತೆ ನಟಿಸಿ, ಅವ್ವನಿಗಿಂತ ಅಗ್ಗಕ್ಕೆ ತರುತ್ತಿದ್ದಳು. ಒಂದು ಸಂಜೆ ಬದನೆಕಾಯಿಯಲ್ಲಿ ಹತ್ತು ಪೈಸೆ ಉಳಿಯಿತು. ಸ್ಟೇಷನ್ ರಸ್ತೆಯ ಮಿಠಾಯಿ ಅಂಗಡಿಯ ಮುಂದೆ ಅವಳು ನಿಂತುಬಿಟ್ಟಳು. ಬಾಣಲೆಯಲ್ಲಿ ಜಿಲೇಬಿ ಬೇಯುತ್ತಿತ್ತು. ಅದನ್ನು ನೋಡುತ್ತ ಸೆರಗಿನ ಗಂಟು ಬಿಚ್ಚಿ ನಾಣ್ಯ ಕೊಟ್ಟಳು. ಮಿಠಾಯಿಯವನು ಎಲೆಯ ಚೂರಿನ ಮೇಲೆ ಒಂದೇ ಒಂದು ಜಿಲೇಬಿ ಇಟ್ಟು ಕೊಟ್ಟ. ಅದನ್ನು ಮುರಿದು ದೊಡ್ಡ ಭಾಗ ನನಗೆ ಕೊಟ್ಟಳು.

“ತಗೋ ಕೂಸ. ಅವ್ವಗ ಮಾತ್ರ ಹೇಳಬ್ಯಾಡ ಹಾಂ.”

ನಾನು ತಿಂದೆ. ಬೆರಳು ನೆಕ್ಕಿದೆ. ಮನೆಗೆ ಬಂದವಳೇ ಹೇಳಿಬಿಟ್ಟೆ.

ಯಾಕೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೆದರಿಕೆಯಿಂದಲ್ಲ. ಇಂಥ ಸುದ್ದಿ ತಂದಾಗ ಅವ್ವ ನನ್ನ ಗದ್ದ ಹಿಡಿದು, “ನನ್ನ ಮಗಳು ಭಾಳ ಶಾಣ್ಯಾಕಿ,” ಎನ್ನುತ್ತಿದ್ದಳು. ಅಷ್ಟಕ್ಕೇ.

ಅವ್ವ ಅತ್ತೆಯನ್ನು ಹೊರಗೆ ಗ್ಯಾಲರಿಗೆ ಕರೆದಳು. ಅಕ್ಕಪಕ್ಕದ ಖೋಲಿಯ ಹೆಂಗಸರು ಅಕ್ಕಿ ಆರಿಸುತ್ತ ಕೂತಿದ್ದರು.

“ಅಕ್ಕಾರ, ನಾಲಿಗಿ ತಗೀರಿ, ನೋಡೂಣು.”

ಅತ್ತೆ ನನ್ನ ಮುಖ ನೋಡಿದಳು. ನಾನು ಕಂಬದ ಮರೆಗೆ ಸರಿದೆ.

“ತಗೀರಿ ಅಂದೆ. ಕಳವು ಮಾಡ್ಲಿಕ್ಕೆ ನಾಚಿಕಿ ಬರಲಿಲ್ಲ, ನಾಲಿಗಿ ತೋರಸಲಿಕ್ಕೆ ನಾಚಿಕೀನ?”

ಅತ್ತೆ ಬಾಯಿ ತೆರೆದು ನಾಲಿಗೆ ಚಾಚಿದಳು. ಅದಕ್ಕೆ ಜಿಲೇಬಿಯ ಕೇಸರಿ ಬಣ್ಣ ಹತ್ತಿತ್ತು. ಅವ್ವ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಮರಾಠಿಯಲ್ಲಿ ಎಲ್ಲರಿಗೂ ವಿವರಿಸಿದಳು. ಹೆಂಗಸರು ನಕ್ಕರು. ಒಬ್ಬಳು ಮಾತ್ರ ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನ ನಾಲಿಗೆಯೂ ಅದೇ ಬಣ್ಣದ್ದಾಗಿತ್ತು. ನಾನು ತುಟಿ ಬಿಗಿಹಿಡಿದು ನಿಂತಿದ್ದೆ. ನನ್ನ ಹೆಸರನ್ನು ಅತ್ತೆ ಎತ್ತಲೇ ಇಲ್ಲ.

ಅವತ್ತಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಕ್ಯೂಗೆ ಮಾತ್ರ ಹೋಗುತ್ತಿದ್ದಳು. ಎರಡು ವರ್ಷ ಹಾಗೆಯೇ ಕಳೆಯಿತು. ಹಾಲಿನ ಕ್ಯೂನಲ್ಲಿ ಪರಿಚಯವಾದ ಧಾರವಾಡದ ಕಡೆಯ ಹೆಂಗಸೊಬ್ಬಳು ಬಾಂದ್ರಾದ ಒಂದು ಮನೆಯಲ್ಲಿ ಅಡುಗೆಯ ಕೆಲಸ ಹುಡುಕಿಕೊಟ್ಟಳು. ಅತ್ತೆ ಟ್ರಂಕು ಎತ್ತಿಕೊಂಡು ಹೊರಟಳು. ಅವ್ವ ತಡೆಯಲಿಲ್ಲ. ಹೆಸರು ಹೇಗೂ ಕಾರ್ಡಿನಲ್ಲಿತ್ತು. ಕ್ಯೂಗೆ ನಾನಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅತ್ತೆ ಬಂದಳು. ಹೊಸ್ತಿಲ ಹೊರಗೇ ನಿಂತು ಹೇಳಿದಳು:

“ನನ್ನ ಹೆಸರು ನಿಮ್ಮ ಕಾರ್ಡಿನ್ಯಾಗಿಂದ ತಗಿಸಿ ಕೊಡ್ರಿ. ಆ ಮನಿಯವರು ತಮ್ಮ ಕಾರ್ಡಿಗೆ ಹಚ್ಚತಾರಂತ. ಇಲ್ಲಂದ್ರ ನನ್ನ ಊಟದ ರೊಕ್ಕ ಪಗಾರದಾಗ ಮುರಕೋತಾರ.”

“ಹೆಸರು ತಗಿಸಿದ್ರ ನಮಗೇನು ಉಳೀತು?” ಎಂದಳು ಅವ್ವ. “ಎರಡು ವರ್ಷ ಕೂಳು ಹಾಕಿಲ್ಲೇನು?”

ಅತ್ತೆ ಅಪ್ಪನ ಕಡೆ ತಿರುಗಿದಳು. ಅವನು ಪೇಪರ್ ಓದುತ್ತಿದ್ದ.

“ತಮ್ಮಾ, ನೀ ಒಂದ ಮಾತು ಹೇಳೋ. ನಿನ್ನ ಎತ್ತಿ ಆಡಿಸಿದಾಕಿ ನಾ.”

ಅಪ್ಪ ಪೇಪರ್ ಇಳಿಸಲಿಲ್ಲ. “ಮನಿ ಸಂತಿ ಎಲ್ಲಾ ಅಕೀದ. ನನಗೇನು ತಿಳೀತದ ಅದರಾಗ?” ಎಂದ.

ಅವ್ವ ಚಹಾ ಕೊಟ್ಟಳು, ಸಪ್ಪೆಯದೇ. ಅತ್ತೆ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು. ಆಮೇಲೂ ಎರಡು ಸಲ ಕೇಳಲು ಬಂದಳು. ಕೊನೆಯ ಸಲ ಅವ್ವ ಬಾಗಿಲು ತೆರೆಯದೆ, “ಮನ್ಯಾಗ ಯಾರೂ ಇಲ್ಲಂತ ಹೇಳು,” ಎಂದು ನನಗೆ ಪಿಸುಗುಟ್ಟಿದಳು. ನಾನು ಒಳಗಿನಿಂದಲೇ, “ಯಾರೂ ಇಲ್ಲ,” ಎಂದು ಕೂಗಿದೆ. ಹೊರಗೆ ಅತ್ತೆ ನಕ್ಕದ್ದು ಕೇಳಿಸಿತು.

ಮುಂದಿನ ಮಳೆಗಾಲದಲ್ಲಿ ಅವಳು ತೀರಿಹೋದ ಸುದ್ದಿ ಬಂತು. ಜ್ವರ ಬಂದಿತ್ತಂತೆ. ಒಂದೇ ಹೊತ್ತು ಉಣ್ಣುತ್ತೇನೆ, ಪಗಾರ ಮುರಿಯಬೇಡಿ ಎಂದು ತಾನೇ ಹೇಳಿದ್ದಳು ಎಂದು ಆ ಮನೆಯವರು ಅಪ್ಪನಿಗೆ ಹೇಳಿದರಂತೆ. ಸ್ಮಶಾನಕ್ಕೆ ಹೊರಟ ಅಪ್ಪನಿಗೆ ಅವ್ವ ಕೊಡೆ ಕೊಟ್ಟು, “ರೇಷನ್ ಆಫೀಸಿಗೇನೂ ತಿಳಸಲಿಕ್ಕೆ ಹೋಗಬ್ಯಾಡ್ರಿ ಮತ್ತ,” ಎಂದಳು.

ಹದಿಮೂರನೆಯ ದಿನ ಸಿಹಿ ಮಾಡಬೇಕಿತ್ತು. ಹಿಂದಿನ ದಿನ ನಾನು ಕಾರ್ಡು ಹಿಡಿದು ಕ್ಯೂನಲ್ಲಿ ನಿಂತೆ. ಅಂಗಡಿಯವನು ಹೆಸರುಗಳ ಮೇಲೆ ಬೆರಳಾಡಿಸಿ, ಮುದುಕಿ ಈಗ ಕಾಣುವುದೇ ಇಲ್ಲವಲ್ಲ ಎಂದು ಹಿಂದಿಯಲ್ಲಿ ಕೇಳಿದ. ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದೆ. ನನಗೆ ಹದಿನಾಲ್ಕು ತುಂಬಿತ್ತು, ದನಿ ಸ್ವಲ್ಪವೂ ನಡುಗಲಿಲ್ಲ. ಅವನು ಎಲ್ಲರ ಸಕ್ಕರೆಯನ್ನೂ ತೂಗಿ ಕೊಟ್ಟ.

ಅವ್ವ ಶಿರಾ ಮಾಡಿದಳು. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ತಲೆ ತಗ್ಗಿಸಿದ. ಅಳುತ್ತಾನೆ ಎಂದುಕೊಂಡೆ.

“ತುಪ್ಪ ಕಮ್ಮಿ ಬಿದ್ದದಲ್ಲ?” ಎಂದ.

“ತುಪ್ಪ ರೇಷನ್ನಿನ್ಯಾಗ ಸಿಗೂದಿಲ್ರಿ,” ಎಂದಳು ಅವ್ವ.

ನಾನು ಎರಡನೆಯ ಸಲ ಹಾಕಿಸಿಕೊಂಡೆ. ಆ ಹೆಸರು ನಮ್ಮ ಕಾರ್ಡಿನಲ್ಲಿ ಇನ್ನೂ ನಾಲ್ಕು ವರ್ಷ ಇತ್ತು. ಯಾರೂ ವಿಚಾರಿಸಲು ಬರಲಿಲ್ಲ.