ಅವ್ವನನ್ನು ಕೇಳಿದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ

ಅವ್ವ ನಾಲಿಗೆ ಚಾಚಿದಳು. ಚೀನೀ ವೈದ್ಯೆ ಟಾರ್ಚ್ ಹಿಡಿದು ನೋಡಿದರು, ಕನ್ನಡಕ ತೆಗೆದರು, ನನ್ನ ಕಡೆ ತಿರುಗಿದರು.

"ಹೂ ವಾಶ್ ದಿಸ್? ಸೋ ಕ್ಲೀನ್, ಐ ಸೀ ನಥಿಂಗ್ ಲಾ!"

ತೊಳೆದದ್ದು ಅವ್ವನೇ. ಬೆಳಿಗ್ಗೆ ಟಂಗ್ ಕ್ಲೀನರ್‌ನಲ್ಲಿ ಎರಡೆರಡು ಸಲ ಹೆರೆದುಕೊಂಡು ಬಂದಿದ್ದಳು.

ನಾಲಿಗೆಯ ಮೇಲಿನ ಪದರದ ಬಣ್ಣ, ದಪ್ಪ, ಪಸೆ... ಅದನ್ನು ಓದುವುದೇ ಈ ವೈದ್ಯರ ಅರ್ಧ ಕೆಲಸವಂತೆ. ಅವ್ವ ಆ ಪುಟವನ್ನೇ ಒರೆಸಿಹಾಕಿದ್ದಳು. "ನಾಳೆ ಬನ್ನಿ. ಹೆರೆಯಬೇಡಿ, ಕಾಫಿ ಕುಡಿಯಬೇಡಿ" ಎಂದು ವಾಪಸ್ ಕಳಿಸಿದರು.

"ಅಯ್ಯೋ, ಗಲೀಜು ನಾಲಿಗೆ ಎಂಗವ್ವಾ ತೋರ್ಸಾದು ದೊಡ್ಡೋರಿಗೆ?" ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು.

ನಮ್ಮ ಕೇರಿಯ ಹೆಂಗಸರು ಹೀಗೇ. ಕೊಳಕರು ಎಂದು ಯಾರಾದರೂ ಅಂದಾರು ಎನ್ನುವ ಭಯಕ್ಕೆ, ಆಸ್ಪತ್ರೆಗೂ ಮೈ ಉಜ್ಜಿ ಉಜ್ಜಿ ತೊಳೆದೇ ಹೋಗುತ್ತಾರೆ. ಆ ಭಯ ಹುಟ್ಟಿಸಿದವರು ಯಾರೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಅವ್ವ ಮಂಡ್ಯದ ಕಡೆಯಿಂದ ನನ್ನ ಬಾಣಂತನಕ್ಕೆಂದು ಸಿಂಗಪುರಕ್ಕೆ ಬಂದವಳು. ಪಾಸಿರ್ ರಿಸ್‌ನ ನಮ್ಮ ಫ್ಲ್ಯಾಟಿಗೆ ಬಂದಾಗಿನಿಂದ ಒಂದೇ ದೂರು... ಮಧ್ಯಾಹ್ನ ದಾಟಿದರೆ ಅಂಗೈ ಅಂಗಾಲು ಉರಿ, ನಿದ್ದೆಯಲ್ಲಿ ಬೆವರು, ಎದೆ ಡವಡವ.

ಮೊದಲು ಇಂಗ್ಲಿಷ್ ಡಾಕ್ಟರ ಬಳಿಯೇ ಹೋಗಿದ್ದೆವು. ರಕ್ತ, ಶುಗರ್, ಥೈರಾಯ್ಡ್, ಇಸಿಜಿ ಎಲ್ಲವೂ ನಾರ್ಮಲ್.

ನಾನು ಇಲ್ಲಿನ ಸಂಶೋಧನಾ ಬಡಾವಣೆ ಒನ್-ನಾರ್ತ್‌ನಲ್ಲಿ ಲ್ಯಾಬ್ ಕೆಲಸದವಳು. ರಿಪೋರ್ಟ್ ನಂಬುವವಳು. "ನಿಂಗೇನೂ ಆಗಿಲ್ಲ ಅವ್ವಾ, ಎಲ್ಲಾ ನಿನ್ ತಲೆಯೊಳಗೇ ಇರೋದು" ಅಂದುಬಿಟ್ಟೆ.

ಅಂದಿನಿಂದ ಅವ್ವ ನನ್ನ ಮುಂದೆ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಚೀನೀ ಆಂಟಿಗೆ ಮಾತ್ರ ಕೈಸನ್ನೆಯಲ್ಲೇ ತನ್ನ ಉರಿಯನ್ನೆಲ್ಲ ತಿಳಿಸಿದ್ದಾಳೆ. ಒಂದು ಪದ ಕನ್ನಡ ಬಾರದ ಆಂಟಿ ನಂಬಿದರು. ಈ ಕ್ಲಿನಿಕ್ಕಿನ ದಾರಿ ತೋರಿಸಿದ್ದೂ ಅವರೇ.

ನನಗೆ ಮನಸ್ಸಿರಲಿಲ್ಲ. ನಾಡಿ ಹಿಡಿದು ಕಣಿ ಹೇಳುವವರ ವಿರುದ್ಧ ಬೀದಿ ನಾಟಕ ಆಡಿ ಬೆಳೆದವಳು ನಾನು!

ಮರುದಿನ ಅವ್ವ ಬಾಯಿಗೆ ಸೆರಗು ಮುಚ್ಚಿಕೊಂಡೇ ಬಂದಳು. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು, ಬೇರು ತೊಗಟೆಗಳ ವಾಸನೆ. "ಥೇಟ್ ಗ್ರಂದಿಗೆ ಅಂಗಡಿ ಕಣವ್ವ" ಎಂದು ಪಿಸುಗುಟ್ಟಿದಳು.

ವೈದ್ಯೆ ನಾಲಿಗೆ ನೋಡಿದರು. ಕೆಂಪಗೆ ಒಣಗಿದೆ, ಪದರ ತೀರಾ ತೆಳು ಎಂದರು. ಆಮೇಲೆ ಮೂರು ಬೆರಳಿಟ್ಟು ಅವ್ವನ ಮಣಿಕಟ್ಟು ಹಿಡಿದರು. ಬಲಗೈ, ಎಡಗೈ... ಎಷ್ಟು ಹೊತ್ತಾದರೂ ಬಿಡಲೊಲ್ಲರು. ಅವ್ವ ಅಲ್ಲಾಡದೆ ಕೂತಿದ್ದಾಳೆ.

ಆಮೇಲೆ ಪ್ರಶ್ನೆಗಳು ಶುರುವಾದವು. ಚಳಿ ಹೆಚ್ಚೋ ಸೆಕೆ ಹೆಚ್ಚೋ? ಬಾಯಾರಿಕೆ ಹೇಗೆ? ನಿದ್ದೆ ಹೇಗೆ?

"ನಿದ್ದೆ ಚೆನ್ನಾಗಿ ಮಾಡ್ತಾರೆ" ಎಂದೆ ನಾನು.

ವೈದ್ಯೆ ಪೆನ್ ಕೆಳಗಿಟ್ಟರು. "ಐ ಆಸ್ಕ್ ಹರ್, ನಾಟ್ ಯು."

ಮುಖಕ್ಕೆ ರಪ್ಪನೆ ಬಡಿದಂತಾಯಿತು. ದನಿಯಿಲ್ಲದವರ ದನಿ ನಾವು ಎಂದು ವರ್ಷಗಟ್ಟಲೆ ಘೋಷಣೆ ಕೂಗಿದವಳು, ಅವ್ವ ಎದುರಿಗೇ ಕೂತಿರುವಾಗ ಅವಳ ಬಾಯಿಯ ಮಾತನ್ನು ಕಿತ್ತುಕೊಂಡಿದ್ದೆ.

ಅವ್ವನನ್ನು ಕೇಳಿದೆ. "ನಿದ್ದೆಯಾ? ಮಗೀನ ಅತ್ರ ಮನಗಿರ್ತೀನಿ ಅಷ್ಟೇ. ಮೂರು ಗಂಟೆಗೆ ಎಚ್ಚರಾದ್ರೆ ಮುಗೀತು ಕಣವ್ವ."

ಮುಂದಿನ ಪ್ರಶ್ನೆ, ಮುಟ್ಟು ನಿಂತು ಎಷ್ಟು ವರ್ಷವಾಯಿತು? ಈ ಸಲ ನಾನು ಉತ್ತರಿಸುವಂತೆಯೂ ಇರಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

"ಐದು ವರ್ಸಾಯ್ತು. ಈ ಉರಿನೂ ಆವಾಗಿಂದ್ಲೇ."

ವೈದ್ಯೆ ಬರೆದುಕೊಂಡರು. "ನಿದ್ದೆ ಬರದವರು ಈ ದಿನ ನಾಲ್ಕು ಜನ ಬಂದಿದ್ದರು. ನಾಲ್ವರಿಗೂ ಬೇರೆ ಬೇರೆ ಮದ್ದು ಕೊಟ್ಟೆ. ನಾನು ರೋಗದ ಹೆಸರು ಹುಡುಕುವುದಿಲ್ಲ, ಇಡೀ ಮನುಷ್ಯಳನ್ನು ನೋಡುತ್ತೇನೆ" ಎಂದರು.

ಅವ್ವನದು ಯಿನ್, ಅಂದರೆ ಮೈಯೊಳಗಿನ ತಂಪಿನ ಕೊರತೆಯಂತೆ. ಅವರು ವಿವರಿಸಿದ್ದನ್ನು ಅವ್ವನಿಗೆ ಹೀಗೆ ಹೇಳಿದೆ: "ಒಲೆ ಉರಿ ಜಾಸ್ತಿ ಆಗಿಲ್ವಂತೆ ಅವ್ವಾ. ಪಾತ್ರೆಲಿ ನೀರು ಕಮ್ಮಿ ಆಗಿದ್ಯಂತೆ. ಅದಕ್ಕೇ ತಳ ಕಾಯ್ತಿರೋದು."

"ಅದೇ ಕಣವ್ವ! ಅಂಗೇ ಆಯ್ತದೆ!" ಅವ್ವ ಕುರ್ಚಿಯ ತುದಿಗೆ ಬಂದಳು. "ಕೇಳು ಅವ್ರನ್ನ... ನಂಗೆ ತಲೆ ಕೆಟ್ಟಿಲ್ಲ ತಾನೇ?"

ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಅವ್ವನ ತಲೆಗೆ ಆ ಅನುಮಾನ ತುಂಬಿದವಳು ನಾನೇ ತಾನೆ.

ವೈದ್ಯೆ ನಕ್ಕು ಅವ್ವನ ಕೈ ತಟ್ಟಿದರು. "ಹೆಡ್ ವೆರಿ ಗುಡ್."

ಹಾಗೆಂದು ನಾನು ಯಿನ್ ಯಾಂಗ್ ಭಕ್ತೆಯಾಗಿಲ್ಲ. ವೈದ್ಯೆ ಕೊಟ್ಟ ಪುಡಿ ಪ್ಯಾಕೆಟ್ಟುಗಳು ಎಷ್ಟು ಕೆಲಸ ಮಾಡಿದವೋ ನನಗೆ ಗೊತ್ತಿಲ್ಲ. ಮುಟ್ಟಿನ ವಿಷಯ ಹಿಡಿದು ಇಂಗ್ಲಿಷ್ ಡಾಕ್ಟರ ಬಳಿಗೂ ಮತ್ತೆ ಹೋದೆವು. "ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದರು. ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ದಿನ ಚೀನೀ ಕ್ಲಿನಿಕ್ಕಿನಿಂದ ಬರುವಾಗ ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಗಲಿ, ವಾಯ್ಡ್ ಡೆಕ್‌ನಲ್ಲಿ ಸ್ವಲ್ಪ ಹೊತ್ತು ಕೂತೆವು. ಅವ್ವ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ತಣ್ಣಗೆ ಹೇಳಿದಳು. "ಮುಟ್ಟಿನ ಬಗ್ಗೆ ಭಾಷಣ ಮಾಡಕೆ ನಮ್ಮೂರಿಗೆ ಬಂದಿದ್ಯಲ್ಲ, ಆ ವರ್ಸಾನೇ ನಂದು ನಿಂತಿದ್ದು. ಮುಂದ್ಲು ಸಾಲಲ್ಲೇ ಕುಂತಿದ್ದೆ."

"ಅವತ್ತೇ ಹೇಳ್ಬೇಕಿತ್ತು ತಾನೇ ಅವ್ವಾ..."

"ಎಂಗೇಳ್ಲಿ? ಮೈಕು ನಿನ್ ಕೈಲಿತ್ತಲ್ಲ."

ಗೆಳತಿಯರೇ, ಗೆಳೆಯರೇ... ನಿಮ್ಮ ಅವ್ವನ ಮುಟ್ಟು ಯಾವ ವರ್ಷ ನಿಂತಿತು, ಗೊತ್ತಿದ್ದವರು ಕೈ ಎತ್ತಿ ನೋಡೋಣ?